ಕಂಠಪಾಠಕ್ಕೆ ನಾನು ತಯಾರಾದದ್ದು ಹೀಗೆ

ಕೇರಳದ ಶಾಲಾ ಕಲಾ ಸ್ಪರ್ಧೆ ಕಲೋತ್ಸವದ ಕನ್ನಡ ಕಂಠಪಾಠಕ್ಕೆ, ಅಂದ್ರೆ ಪದ್ಯವನ್ನು ನೋಡದೆ ಹೇಳುವ ಐಟಂಗೆ, ಹೇಗೆ ತಯಾರಿ ಮಾಡ್ಬೇಕು ಅಂತ ನಮ್ಮೂರಿನ ಮಕ್ಕಳು ಆಗಾಗ ಕೇಳುತ್ತಾರೆ. ಪ್ರತಿ ಸಲ ವಾಯ್ಸ್ ಮೆಸೇಜ್ ಕಳಿಸಿ ಸಾಕಾಯಿತು, ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ.

ನಾನು ಓದಿದ್ದು ಕಾಸರಗೋಡಿನ ಕಡೆ, ಕಥೋಲಿಕ ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಕನ್ನಡ ಮೀಡಿಯಂ. ಮನೆಯಲ್ಲಿ ತುಳು, ಬಸ್ಸಲ್ಲಿ ಮಲಯಾಳಂ, ಇಗರ್ಜಿಗೆ, ಅಂದ್ರೆ ಚರ್ಚಿಗೆ, ಹೋಗುವ ಗೆಳತಿಯರ ಜೊತೆ ಅರ್ಧಂಬರ್ಧ ಕೊಂಕಣಿ. ಹುಡುಗರೇ ಇಲ್ಲದ ಶಾಲೆ ಅಂದ್ರೆ ಎಲ್ಲ ಕೆಲಸವೂ ನಮ್ಮದೇ ಅಲ್ವಾ, ಬೆಂಚು ಹೊರುವುದು, ಮೈಕ್ ಸೆಟ್ ಜೋಡಿಸುವುದು, ವಾರ್ಷಿಕೋತ್ಸವಕ್ಕೆ ಸ್ಟೇಜ್ ಕಟ್ಟುವುದು, ಎಲ್ಲಾ. ಅಸೆಂಬ್ಲಿಯಲ್ಲಿ ವಾರ್ತೆ ಓದುವ ಸರದಿ ಎಂಟನೇ ಕ್ಲಾಸಿನಿಂದಲೇ ಶುರು. ನನ್ನ ಮೈಕ್ ಭಯ ಹೋದದ್ದು ಅಲ್ಲಿ. ದುಡ್ಡು ಕೊಟ್ಟು ಟ್ರೈನಿಂಗಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ಶಾಲೆಯ ಅಸೆಂಬ್ಲಿ ಪುಕ್ಕಟೆ ಇದೆ, ಬಿಡಬೇಡಿ.

2019ರಲ್ಲಿ ನಾನು ಹತ್ತನೇ ಕ್ಲಾಸು. ಆ ಸಲದ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲಿ, ನವೆಂಬರ್ 28ರಿಂದ. 1991ರ ಮೇಲೆ ನಮ್ಮ ಜಿಲ್ಲೆಗೆ ಬಂದದ್ದು ಆಗಲೇ. ಎಸ್ಸೆಸ್ಸೆಲ್ಸಿ ವರ್ಷ ಇದೆಲ್ಲ ಬೇಕಾ ಅಂತ ಅಮ್ಮ ಗೊಣಗಿದರು. ಎ ಗ್ರೇಡ್ ಬಂದ್ರೆ ಪರೀಕ್ಷೆಗೆ ಗ್ರೇಸ್ ಮಾರ್ಕ್ ಇದೆ ಅಂದೆ, ಸುಮ್ಮನಾದರು.

ಪದ್ಯ ಆರಿಸಿದ್ದು ಕನ್ನಡ ಟೀಚರ್. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದ ಒಂದು ಭಾಗ. ಯೇಸುವಿನ ಕೊನೆಯ ದಿನದ ಕಥೆ. ಸಿಸ್ಟರ್‌ಗಳ ಶಾಲೆ ಅಂತ ಆರಿಸಿದ್ದಾ ಅಂತ ಕೇಳಿದೆ. “ಅಲ್ಲ ಮಗಾ, ಇದನ್ನು ರಾಗ ಎಳೆದು ಹಾಡ್ಲಿಕ್ಕೆ ಆಗುದಿಲ್ಲ, ಹೇಳ್ಲೇಬೇಕು. ಅದಕ್ಕೆ” ಅಂದರು. ಟೀಚರಿಗೆ ಕಂಠಪಾಠವನ್ನು ಭಾವಗೀತೆ ಮಾಡಿ ಹಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಈಗ ಆಗುವುದಿಲ್ಲ.

ಬಾಯಿಪಾಠ ಮಾಡಲು ಕೂತಾಗ ಗೊತ್ತಾಯಿತು ಕಷ್ಟ ಎಲ್ಲಿದೆ ಅಂತ. ಪೈಗಳು 1911ರಲ್ಲೇ ಪ್ರಾಸ ಬಿಟ್ಟವರು. ಪ್ರಾಸ ಇದ್ದರೆ ಒಂದು ಸಾಲು ಮುಂದಿನ ಸಾಲನ್ನು ತಾನೇ ಎಳೆದು ತರುತ್ತದೆ, ಇಲ್ಲಿ ಅದಿಲ್ಲ. ಐದೈದು ಮಾತ್ರೆಯ ನಡೆ ಇದೆ, ಆದರೆ ಮಾತು ಸಾಲಿನ ತುದಿಗೆ ಮುಗಿಯುವುದಿಲ್ಲ, ಮುಂದಿನ ಸಾಲಿನ ನಡುವೆ ಎಲ್ಲೋ ಹೋಗಿ ನಿಲ್ಲುತ್ತದೆ. ಸಾಲು ಮುಗಿದಲ್ಲೆಲ್ಲ ಉಸಿರು ತೆಗೆದುಕೊಂಡರೆ ಕೇಳುವವರಿಗೆ ಒಂದಕ್ಷರ ಅರ್ಥವಾಗದು. ಹಾಗಾಗಿ ಟೀಚರ್ ಮೊದಲು ಇಡೀ ಭಾಗವನ್ನು ಪದ್ಯದ ಹಂಗಿಲ್ಲದೆ, ಸುಮ್ನೆ ಗದ್ಯದ ಹಾಗೆ ಉದ್ದಕ್ಕೆ ಬರೆಸಿದರು. ಯಾರು, ಯಾರಿಗೆ, ಏನು ಹೇಳಿದ್ದು. ಆಮೇಲೆ ಕೆಂಪು ಪೆನ್ಸಿಲಿನಲ್ಲಿ ಉಸಿರಿನ ಗುರುತು. ಆಮೇಲಷ್ಟೇ ಕೈತಟ್ಟಿ ಮಾತ್ರೆ. ಮಾತ್ರೆ ಒಳಗೆ ಕೂತ ಮೇಲೆ ತಟ್ಟುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಮಗ್ಗಿ ಒಪ್ಪಿಸಿದ ಹಾಗೆ ಕೇಳಿಸುತ್ತದೆ.

ಬಾಯಿಪಾಠ ಹಿಂದಿನಿಂದ ಮಾಡಿದೆ. ಕೊನೆಯ ವಾಕ್ಯ ಮೊದಲು, ಅದಕ್ಕೆ ಹಿಂದಿನದ್ದು ಸೇರಿಸಿ ಎರಡು, ಹೀಗೆ ಮೇಲಕ್ಕೆ. ಮೊದಲಿನಿಂದ ಕಲಿತವರಿಗೆ ಸ್ಟೇಜಲ್ಲಿ ಶುರು ಗಟ್ಟಿ ಇರುತ್ತದೆ, ಕೊನೆ ತಡವರಿಸುತ್ತದೆ. ಹಿಂದಿನಿಂದ ಕಲಿತರೆ ಮುಂದೆ ಹೋದಷ್ಟೂ ಹೆಚ್ಚು ಗೊತ್ತಿರುವ ಜಾಗಕ್ಕೇ ಹೋಗುತ್ತೀರಿ. ಇದೊಂದನ್ನು ಮಾಡಿ ನೋಡಿ.

ಮಹಾಪ್ರಾಣ ಇನ್ನೊಂದು ತಲೆನೋವು. ಮನೆಯಲ್ಲಿ ಇಡೀ ದಿನ ತುಳು ಮಾತಾಡುವ ನಾಲಿಗೆಗೆ ಭ, ಧ ಎಲ್ಲ ಸಲೀಸಾಗಿ ಬ, ದ ಆಗುತ್ತದೆ. ಬಾಯಿಯ ಮುಂದೆ ತೆಳು ಕಾಗದ ಹಿಡಿದು ಹೇಳುತ್ತಿದ್ದೆ. ಮಹಾಪ್ರಾಣಕ್ಕೆ ಕಾಗದ ಅಲುಗಬೇಕು, ಅಲ್ಪಪ್ರಾಣಕ್ಕೆ ಆದಷ್ಟು ಸುಮ್ಮನಿರಬೇಕು. ಊಟದ ಬೆಲ್ಲಿಗೆ ವರಾಂಡದಲ್ಲಿ ಹೀಗೆ ನಿಂತರೆ ಎಂಟನೇ ಕ್ಲಾಸಿನವರು ಬಂದು ನಗುತ್ತಿದ್ದರು. ನಗಲಿ.

ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನಲ್ಲಿದ್ದ ಗೆಳತಿಯೊಬ್ಬಳು ಕಂಪ್ಯೂಟರ್ ಲ್ಯಾಬಿನಲ್ಲಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ ನನ್ನದನ್ನು ರೆಕಾರ್ಡ್ ಮಾಡಿದಳು. ಪರದೆ ಮೇಲೆ ದನಿ ಅಲೆಯಾಗಿ ಕಾಣುತ್ತದಲ್ಲ, ಮಾತು ನಿಂತು ಗೆರೆ ಚಪ್ಪಟೆಯಾದ ಕಡೆಯೆಲ್ಲ ಅವಳು ಬೆರಳಿಟ್ಟಳು. “ಇಲ್ಲಿ ನಿನ್ನ ಕೆಂಪು ಗುರುತೇ ಇಲ್ಲ, ಯಾಕೆ ನಿಂತದ್ದು?” ನನಗೆ ನಿಂತದ್ದೇ ಗೊತ್ತಿರಲಿಲ್ಲ. ಕಿವಿಗೆ ಸಿಗದದ್ದು ಕಣ್ಣಿಗೆ ಸಿಕ್ಕಿತು. ಇವತ್ತು ಮೊಬೈಲಿನ ರೆಕಾರ್ಡರಲ್ಲೂ ಆ ಅಲೆ ಕಾಣುತ್ತದೆ, ಲ್ಯಾಬ್ ಬೇಕಿಲ್ಲ.

ಭಾವದ ವಿಷಯದಲ್ಲಿ ನನ್ನನ್ನು ತಿದ್ದಿದ್ದು ಕನ್ನಡ ಗೊತ್ತಿಲ್ಲದವರು. ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ತೆಂಕಣ ಕೇರಳದವರು, ಕನ್ನಡ ನಾಲ್ಕು ಮಾತು ಬಂದರೆ ಹೆಚ್ಚು. ಕಥೆ ಮಾತ್ರ ಅವರಿಗೆ ಕರಗತ. ನಾನು ಶಿಲುಬೆಯ ಹತ್ತಿರ ಬರುವಾಗ ಗಂಟಲು ನಡುಗಿಸುತ್ತಿದ್ದೆ, ಅದೇ ಭಾವ ಅಂದುಕೊಂಡು. “ಮೋಳೇ, ಅವಿಡೆ ಕರಯಂಡ” ಅಂದರು. ಅಲ್ಲಿ ಅಳಬೇಡ. ಗುಡ್ ಫ್ರೈಡೇ ದಿನ ಇಗರ್ಜಿಯಲ್ಲಿ ಇದೇ ಕಥೆ ಓದುವಾಗ ಓದುವವರು ಅಳುವುದಿಲ್ಲ, ನೆಟ್ಟಗೆ ಓದುತ್ತಾರೆ, ಕೇಳುವವರಿಗೆ ಅಷ್ಟು ಸಾಕು ಅಂತ ಹೇಳಿಕೊಟ್ಟರು. ಆ ಸಂಜೆ ದನಿ ಇಳಿಸಿ, ನಿಧಾನ ಮಾಡಿ ಹೇಳಿದೆ. ಟೀಚರ್ ಪುಸ್ತಕ ಮುಚ್ಚಿಟ್ಟು ಕೇಳಿದರು.

ರಾಜ್ಯಕ್ಕೆ ಹೋಗುವ ಮೊದಲು ಉಪಜಿಲ್ಲೆ, ಜಿಲ್ಲೆ ಮಟ್ಟದ ಸ್ಪರ್ಧೆ ದಾಟಿದ್ದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ನಮ್ಮಲ್ಲಿ ಕನ್ನಡದ ಐಟಂಗಳಿಗೆ ನಿಜವಾದ ಪೈಪೋಟಿ ಇರುವುದೇ ಉಪಜಿಲ್ಲೆಯಲ್ಲಿ, ಅಕ್ಕಪಕ್ಕದ ಶಾಲೆಗಳ ನಡುವೆ. ರಾಜ್ಯದಲ್ಲಿ ಬೇರೆಯದೇ ಆಶ್ಚರ್ಯ. ಗ್ರೀನ್ ರೂಮಿನಲ್ಲಿ ನನ್ನ ಪಕ್ಕ ಚೆಸ್ಟ್ ನಂಬರ್ ಸಿಕ್ಕಿಸಿಕೊಂಡು ಕೂತಿದ್ದ ತೆಂಕಣ ಜಿಲ್ಲೆಯ ಹುಡುಗಿ ಮಲಯಾಳಂ ಲಿಪಿಯಲ್ಲಿ ಬರೆದ ಕನ್ನಡ ಪದ್ಯ ಓದಿಕೊಳ್ಳುತ್ತಿದ್ದಳು. ಕನ್ನಡ ಬರುತ್ತದಾ ಅಂತ ಕೇಳಿದರೆ ಇಲ್ಲ ಅಂದಳು. ಸ್ಟೇಜಿಗೆ ಹೋಗಿ ಒಂದು ಮಹಾಪ್ರಾಣವನ್ನೂ ಬಿಡದೆ ಹೇಳಿ ಬಂದಳು! ಇಂಥವರ ಬಗ್ಗೆ ನಮ್ಮ ಕಡೆ ಕೊಂಕು ಮಾತಾಡುವವರಿದ್ದಾರೆ. ಗೊತ್ತಿಲ್ಲದ ಭಾಷೆಗೆ ಅಷ್ಟು ದುಡಿದವಳ ಬಗ್ಗೆ ನನ್ನ ಹತ್ತಿರ ಕೊಂಕು ಇಲ್ಲ. ನೂರಕ್ಕೆ 80 ದಾಟಿದವರಿಗೆಲ್ಲ ಎ ಗ್ರೇಡ್ ಕೊಡುವ ಪದ್ಧತಿ, ಅವಳಿಗೂ ಬಂತು, ನನಗೂ ಬಂತು.

ಪರೀಕ್ಷೆಯ ಕಥೆ ಎಲ್ಲರಿಗೂ ಗೊತ್ತು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಅರ್ಧಕ್ಕೆ ನಿಂತು, ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಮೇ ಕೊನೆಗೆ ಮಾಸ್ಕ್ ಹಾಕಿ ಬರೆದೆವು. ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿದ್ದ ಆ ದಿನಗಳಲ್ಲಿ ಕೆಮಿಸ್ಟ್ರಿಯನ್ನೂ ನಾನು ಓದಿದ್ದು ಹೀಗೆಯೇ, ಮೊದಲು ನನ್ನ ಮಾತಲ್ಲಿ ಬರೆದು, ಆಮೇಲೆ ಕೊನೆಯ ಪಾಠದಿಂದ ಹಿಂದಕ್ಕೆ. ಕೆಮಿಸ್ಟ್ರಿಗೆ ಎ ಪ್ಲಸ್ ಬಂತು, ಗಣಿತಕ್ಕೆ ಬರಲಿಲ್ಲ. ಗಣಿತಕ್ಕೆ ಈ ಉಪಾಯ ನಡೆಯುವುದಿಲ್ಲ, ಅದನ್ನು ನನ್ನ ಹತ್ತಿರ ಕೇಳಬೇಡಿ.

ಪದ್ಯ ಜೂನಿನಲ್ಲೇ ಆರಿಸಿಕೊಳ್ಳಿ. ಉಪಜಿಲ್ಲೆಯ ದಿನಾಂಕ ಬಂದ ಮೇಲೆ ಹುಡುಕಲು ಹೋದರೆ, ಹಾಡಲು ಸುಲಭವಾದದ್ದೇ ಕೈಗೆ ಸಿಗುವುದು.