ಸರೋವರದ ಎತ್ತರ ತಿಳಿಯಲು ನೀರು ಕುದಿಸಿದ ಕತೆ

ಟಾಂಜಾನಿಯಾದ ಮ್ವಾಂಜಾದಲ್ಲಿ ನಾನು ನಾಲ್ಕು ವರ್ಷ ಫಿಸಿಕ್ಸ್ ಮೇಷ್ಟ್ರಾಗಿದ್ದೆ. ವಿಕ್ಟೋರಿಯಾ ಸರೋವರದ ದಕ್ಷಿಣ ದಡದ ಊರು ಅದು. ದಡದ ತುಂಬ ದೊಡ್ಡ ದೊಡ್ಡ ಬಂಡೆಗಳು. ಅವುಗಳಾಚೆ ಕಣ್ಣು ಹರಿದಷ್ಟೂ ನೀರು. ಸುಮಾರು 68,800 ಚದರ ಕಿಲೋಮೀಟರ್ ಸಿಹಿನೀರು! ಮೊದಲ ಸಲ ನೋಡಿದಾಗ ಸಮುದ್ರ ಅಂತಲೇ ಅನಿಸಿತ್ತು.

1858ರ ಆಗಸ್ಟ್ 3ರಂದು ಜಾನ್ ಸ್ಪೀಕ್ ಈ ಊರ ಹತ್ತಿರದ ಗುಡ್ಡದಿಂದಲೇ ಈ ನೀರನ್ನು ನೋಡಿದ್ದು. ಅವನು ಬಂಗಾಳದ ಸೇನೆಯ ಬ್ರಿಟಿಷ್ ಅಧಿಕಾರಿ. ಜೊತೆಗಾರ ರಿಚರ್ಡ್ ಬರ್ಟನ್ ಕಾಯಿಲೆ ಬಿದ್ದು ಕಾಜೆಯಲ್ಲೇ ಉಳಿದಿದ್ದ. ಕಾಜೆ ಅಂದರೆ ಈಗಿನ ಟಬೋರಾ. ಸ್ಪೀಕ್ ಅಲ್ಲಿಂದ ಹೊರಟು ಬಂದು, ಕೆಲವೇ ದಿನ ನೋಡಿ, ನೈಲ್ ಹುಟ್ಟುವುದು ಇಲ್ಲೇ ಅಂತ ತೀರ್ಮಾನ ಮಾಡಿಬಿಟ್ಟ. ನಂಬುವುದಿಲ್ಲ ಅಂದ ಬರ್ಟನ್.

ಸ್ಪೀಕ್ 'ಕಂಡುಹಿಡಿದ' ಅಂತ ಪಾಠದಲ್ಲಿ ಬಂದಾಗಲೆಲ್ಲ ನಾನು ಮಕ್ಕಳ ಮುಂದೆ ಸ್ವಲ್ಪ ತಡೆಯುತ್ತಿದ್ದೆ. ದಡದ ಜನ ಇದನ್ನು ನ್ಯಾಂಜಾ ಅನ್ನುತ್ತಿದ್ದರು. ಉತ್ತರ ದಡದ ಬುಗಾಂಡ ರಾಜ್ಯದಲ್ಲಿ ನಲುಬಾಲೆ. ಉತ್ತರದಲ್ಲಿ ಇಂಥ ದೊಡ್ಡ ಸರೋವರ ಇದೆ ಅಂತ ಸ್ಪೀಕ್‌ಗೆ ಹೇಳಿದ್ದೇ ಕಾಜೆಯ ಅರಬ್ ವ್ಯಾಪಾರಿಗಳು. ಇನ್ನು ಸ್ಪೀಕ್ ಜೊತೆ ಬಂದಿದ್ದ ಸಿದಿ ಮುಬಾರಕ್ ಬಾಂಬೆ. ಚಿಕ್ಕವನಿದ್ದಾಗ ಗುಲಾಮನಾಗಿ ಭಾರತಕ್ಕೆ ಬಂದು, ಯಜಮಾನ ಸತ್ತ ಮೇಲೆ ಬಿಡುಗಡೆಯಾಗಿ ಆಫ್ರಿಕಾಕ್ಕೆ ಮರಳಿದವನು. ಅವನೂ ಸ್ಪೀಕ್‌ನೂ ಮಾತಾಡುತ್ತಿದ್ದುದು ಹಿಂದೂಸ್ತಾನಿಯಲ್ಲಿ. ಈ ಸಂಗತಿ ತಿಳಿದ ದಿನ ನನಗೆ ಆ ಇಡೀ ಪ್ರಯಾಣ ಮನೆಗೆ ಹತ್ತಿರವಾಯಿತು.

ನನ್ನನ್ನು ಹಿಡಿದುಕೊಂಡಿದ್ದು ಮಾತ್ರ ಒಂದು ಅಂಕಿ. ಈ ಸರೋವರ ಸಮುದ್ರಮಟ್ಟದಿಂದ 3,740 ಅಡಿ ಎತ್ತರದಲ್ಲಿದೆ ಅಂತ ಸ್ಪೀಕ್ ಲೆಕ್ಕ ಹಾಕಿದ್ದ. ಇವತ್ತಿನ ಅಳತೆ 1,134 ಮೀಟರ್, ಅಂದರೆ ಸುಮಾರು 3,720 ಅಡಿ. ಅದೇ ಪ್ರಯಾಣದಲ್ಲಿ ಟಾಂಗನಿಕಾ ಸರೋವರಕ್ಕೆ ಕೊಟ್ಟ ಲೆಕ್ಕ 1,844 ಅಡಿ. ನಿಜ ಸುಮಾರು 2,536. ಒಂದು ಕಡೆ ಇಷ್ಟು ಸರಿ, ಇನ್ನೊಂದು ಕಡೆ ಸುಮಾರು 690 ಅಡಿ ತಪ್ಪು. ಯಾಕಿರಬಹುದು?

ನೀರು ಕುದಿಸಿ ಎತ್ತರ ಅಳೆಯುವ ಈ ಕ್ರಮ ಸರಳ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಅಂದಾಜು 300 ಮೀಟರ್‌ಗೆ 1 ಡಿಗ್ರಿ ಸೆಲ್ಸಿಯಸ್ ಕಡಿಮೆ. ನಾನೂ ಮಾಡಿ ನೋಡೋಣ ಅಂತ ಹೊರಟೆ.

ರಜೆಗೆ ಊರಿಗೆ ಬಂದಾಗ ಲ್ಯಾಬ್ ಥರ್ಮಾಮೀಟರ್ ಒಂದನ್ನು ಮಲ್ಪೆಗೆ ಒಯ್ದೆ. ಕಡಲ ದಡದ ನೆಂಟರ ಮನೆಯಲ್ಲಿ ಪಾತ್ರೆ ಇಟ್ಟು ನೀರು ಕುದಿಸಿದೆ. 100 ತೋರಿಸಬೇಕಾದದ್ದು 99.2 ತೋರಿಸಿತು. ಥರ್ಮಾಮೀಟರ್ 0.8 ಕಡಿಮೆ ಹೇಳುತ್ತದೆ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡೆ.

ಮ್ವಾಂಜಾಗೆ ಮರಳಿ, ಒಂದು ಭಾನುವಾರ ದಡದ ಹತ್ತಿರ ಜಿಕೋ ಹಚ್ಚಿದೆ. ಅಲ್ಲಿನ ಇದ್ದಿಲ ಒಲೆ ಅದು. ಮೊದಲ ಸಲ 96.8 ಬಂತು. ಬಗ್ಗಿ ನೋಡಿದರೆ ಥರ್ಮಾಮೀಟರ್‌ನ ಬುಡ ಪಾತ್ರೆಯ ತಳಕ್ಕೆ ತಾಗಿ ಕೂತಿತ್ತು. ತಳ ಯಾವಾಗಲೂ ನೀರಿಗಿಂತ ಜಾಸ್ತಿ ಬಿಸಿ ಅಲ್ವಾ? ಪಾತ್ರೆಯ ಬಾಯಿಗೆ ಅಡ್ಡಲಾಗಿ ಕೋಲಿಟ್ಟು, ಅದಕ್ಕೆ ದಾರದಲ್ಲಿ ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟೆ. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು, ಇದ್ದಿಲ ಕಾವು ಏರುತ್ತ ಇಳಿಯುತ್ತ ಇತ್ತು. ಹುಡುಗರಿಬ್ಬರು ತಗಡು ಹಿಡಿದು ಒಲೆಗೆ ಮರೆಯಾಗಿ ನಿಂತರು. ನೀರು ಸಣ್ಣಗೆ ಗುಳ್ಳೆ ಬಿಡುವಾಗ ಓದಬಾರದು, ಜೋರಾಗಿ ಕುದಿಯುವವರೆಗೆ ಕಾಯಬೇಕು. ಪಾದರಸದ ಮಟ್ಟಕ್ಕೆ ಸರಿಯಾಗಿ ಕಣ್ಣಿಟ್ಟು ಓದಬೇಕು. ಮೂರು ಸಲ ಓದಿದೆ: 95.4, 95.6, 95.5.

99.2ರಲ್ಲಿ 95.5 ಕಳೆದರೆ 3.7. ಅದನ್ನು 300ರಿಂದ ಗುಣಿಸಿದರೆ 1,110 ಮೀಟರ್. ಒಂದು ಪಾತ್ರೆ ನೀರು, ಒಂದು ಥರ್ಮಾಮೀಟರ್, 24 ಮೀಟರ್ ವ್ಯತ್ಯಾಸ ಅಷ್ಟೇ! ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಆಮೇಲೆ ಬೋರ್ಡಿನ ಮೇಲೆ ಇನ್ನೊಂದು ಲೆಕ್ಕ ಹಾಕಿಸಿದೆ. ಮಲ್ಪೆಯಲ್ಲಿ ನಾನು ಪರೀಕ್ಷೆ ಮಾಡಿರಲಿಲ್ಲ ಅಂದುಕೊಳ್ಳಿ. ಆಗ 100ರಲ್ಲಿ 95.5 ಕಳೆದು 4.5, ಅಂದರೆ 1,350 ಮೀಟರ್. 200 ಮೀಟರಿಗೂ ಜಾಸ್ತಿ ತಪ್ಪು. ಟಾಂಗನಿಕಾದ ತಪ್ಪೂ ಹತ್ತಿರ ಹತ್ತಿರ ಅಷ್ಟೇ, 210 ಮೀಟರ್. ಆ ಪ್ರಯಾಣದಲ್ಲಿ ಉಪಕರಣಗಳು ಹಾಳಾಗುತ್ತಲೇ ಬಂದಿದ್ದವು. ಥರ್ಮಾಮೀಟರ್ ಒಂದು ಡಿಗ್ರಿಯೂ ತಪ್ಪಬೇಕಿಲ್ಲ, ಭೂಪಟವೇ ತಪ್ಪುತ್ತದೆ.

ಆ ತಪ್ಪು ಮುಂದೆ ದೊಡ್ಡ ಜಗಳಕ್ಕೆ ಸಿಕ್ಕಿಕೊಂಡಿತು. 1864ರಲ್ಲಿ ಸ್ಯಾಮ್ಯುಯೆಲ್ ಬೇಕರ್ ಅನ್ನುವ ಇನ್ನೊಬ್ಬ ಅನ್ವೇಷಕ ಆಲ್ಬರ್ಟ್ ಸರೋವರ ಮುಟ್ಟಿ ಅದರ ಎತ್ತರ 2,720 ಅಡಿ ಅಂದ. ಟಾಂಗನಿಕಾದ ನೀರು ಆಲ್ಬರ್ಟ್‌ಗೆ ಹರಿದು ನೈಲ್ ಸೇರುತ್ತದೆ ಅಂತ ಬರ್ಟನ್ ವಾದ. 1,844 ಅಡಿಯಿಂದ 2,720 ಅಡಿಗೆ ನೀರು ಹತ್ತುತ್ತದಾ? ಹಾಗಾಗಿ ಟಾಂಗನಿಕಾದ ಅಳತೆಯೇ ತಪ್ಪು ಅಂದ ಬರ್ಟನ್. ಅಳತೆ ತಪ್ಪು ಅಂದದ್ದು ಸರಿಯೇ! ಆಲ್ಬರ್ಟ್ ಇರುವುದು ನಿಜಕ್ಕೂ ಸುಮಾರು 2,030 ಅಡಿಯಲ್ಲಿ, ಟಾಂಗನಿಕಾಕ್ಕಿಂತ ಕೆಳಗೆ. ಎತ್ತರವೊಂದನ್ನೇ ನೋಡಿದರೆ ಬರ್ಟನ್ ಹೇಳಿದ್ದು ಆಗಬಹುದಿತ್ತು. ಆದರೆ 1871ರಲ್ಲಿ ಅನ್ವೇಷಕರಾದ ಲಿವಿಂಗ್‌ಸ್ಟನ್, ಸ್ಟ್ಯಾನ್ಲಿ ಇಬ್ಬರೂ ದೋಣಿಯಲ್ಲಿ ಟಾಂಗನಿಕಾದ ಉತ್ತರ ತುದಿಗೆ ಹೋಗಿ ನೋಡಿದರೆ, ರುಸಿಜಿ ನದಿ ಸರೋವರದೊಳಕ್ಕೆ ಬರುತ್ತಿತ್ತು, ಹೊರಕ್ಕೆ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಸ್ಪೀಕ್ ಇರಲಿಲ್ಲ. 1862ರ ಜುಲೈ 28ರಂದು ಮತ್ತೆ ಬಂದು, ವಿಕ್ಟೋರಿಯಾ ಸರೋವರದಿಂದ ನೈಲ್ ಆಗ ಧುಮ್ಮಿಕ್ಕುತ್ತಿದ್ದ ರಿಪನ್ ಜಲಪಾತ ನೋಡಿದ್ದ. 1864ರ ಸೆಪ್ಟೆಂಬರ್‌ನಲ್ಲಿ ಬರ್ಟನ್ ಎದುರು ಚರ್ಚೆಗೆ ನಿಲ್ಲಬೇಕಿದ್ದ ಹಿಂದಿನ ದಿನ ತನ್ನದೇ ಬಂದೂಕಿನ ಗುಂಡು ತಗುಲಿ ಸತ್ತ. 1875ರಲ್ಲಿ ಸ್ಟ್ಯಾನ್ಲಿ ದೋಣಿಯಲ್ಲಿ 57 ದಿನ ಸುತ್ತಿ ಬಂದು, ವಿಕ್ಟೋರಿಯಾ ಹಲವು ಸರೋವರಗಳ ಗುಂಪಲ್ಲ, ಒಂದೇ ಸರೋವರ ಅಂತ ತೋರಿಸಿದ.

ಕೊನೆಯ ವರ್ಷದ ರಜೆಯಲ್ಲಿ ಅದೇ ಥರ್ಮಾಮೀಟರ್ ಹಿಡಿದು ಟಾಂಗನಿಕಾ ದಡದ ಕಿಗೋಮಾಗೆ ಹೋದೆ. 96.7 ಬಂತು. 99.2ರಲ್ಲಿ ಕಳೆದರೆ 2.5, ಅಂದರೆ 750 ಮೀಟರ್. ನಿಜ ಎತ್ತರ ಸುಮಾರು 773. ಸ್ಪೀಕ್‌ನ ಅಳತೆಯನ್ನೂ ಪಕ್ಕದಲ್ಲಿ ಮೀಟರಿಗೆ ತಿರುಗಿಸಿ ಬರೆದೆ: 562.