ಹಗುರ ಫ್ಲೈವೀಲ್ ಆರಿಸುವ ಮುನ್ನ: ಹುಬ್ಬಳ್ಳಿ-ಧಾರವಾಡದ ಕಾರು ಪ್ರಿಯರಿಗೆ ಒಂದು ಕೈಪಿಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೊ 1.6, ಮಾರುತಿ ಸ್ವಿಫ್ಟ್, ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂತಹ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗೆ ಕ್ಲಚ್ ಬದಲಿಸುವ ಹೊತ್ತಿನಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಗೇರ್ ಬಾಕ್ಸ್ ಹೇಗೂ ಕೆಳಗಿಳಿಯುತ್ತದೆ, ಕೂಲಿಯೂ ಒಮ್ಮೆ ಕೊಟ್ಟಾಗುತ್ತದೆ, ಹಾಗಿರುವಾಗ ಕಂಪನಿಯ ಫ್ಲೈವೀಲ್ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವ, ಕ್ಲಚ್ ಕೂರುವ ಭಾರದ ಚಕ್ರ) ತೆಗೆದು ಹಗುರವಾದದ್ದನ್ನು ಹಾಕಿಸಿದರೆ ಹೇಗೆ? ಹಾಕಿಸಬಹುದು, ಸರಿಯಾಗಿ ಆರಿಸಿದರೆ ಎಂಜಿನ್ ಕಾಲಿನ ಮಾತನ್ನು ತಡಮಾಡದೆ ಕೇಳುತ್ತದೆ. ಆದರೆ ಎಷ್ಟು ಹಗುರವಾದದ್ದನ್ನು ಕೊಳ್ಳಬೇಕೆಂಬುದನ್ನು ಆ ಕಾರು ದಿನನಿತ್ಯ ಓಡುವ ರಸ್ತೆಯೇ ನಿರ್ಧರಿಸಬೇಕು. ಅತಿ ಹಗುರವಾದದ್ದೇ ಅತಿ ಒಳ್ಳೆಯದು ಎಂದು ನಂಬಿ ಹಣ ಕೊಟ್ಟವರು ಸಿಗ್ನಲ್‌ಗಳಲ್ಲಿ ಪಡುವ ಪಾಡನ್ನು ನೋಡಿರುವುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ.

ನಾಲ್ಕು ಸಿಲಿಂಡರ್‌ಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಕ್ರ್ಯಾಂಕ್) ಒಂದು ಸುತ್ತು ತಿರುಗುವಾಗ ಎರಡು ಬಾರಿ ಮಾತ್ರ ಸ್ಫೋಟದ ಬಲ ಸಿಗುತ್ತದೆ. ಆ ಎರಡು ತಳ್ಳುವಿಕೆಗಳ ನಡುವಿನ ಅಂತರವನ್ನು ತನ್ನಲ್ಲಿ ಕೂಡಿಟ್ಟ ಶಕ್ತಿಯಿಂದ ತುಂಬಿ, ತಿರುಗುವಿಕೆಯನ್ನು ಸಮವಾಗಿಡುವುದು ಫ್ಲೈವೀಲಿನ ಕೆಲಸ. ಈ ಗುಣವನ್ನು ಅಳೆಯುವುದು ಬರೀ ತೂಕದಿಂದಲ್ಲ, ತಿರುಗು ಜಡತ್ವದಿಂದ. ಅದರಲ್ಲಿ ತೂಕದ ಜೊತೆಗೆ ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವೂ ಸೇರುತ್ತದೆ. ಹೀಗಾಗಿ ಒಂದೇ ತೂಕದ ಎರಡು ಫ್ಲೈವೀಲ್‌ಗಳಲ್ಲಿ ಅಂಚಿನ ಲೋಹ ಕಡಿಮೆ ಮಾಡಿದ್ದು ಒಂದು ಬಗೆಯಾಗಿ, ನಡುವಿನ ಲೋಹ ಕೊರೆದದ್ದು ಇನ್ನೊಂದು ಬಗೆಯಾಗಿ ನಡೆದುಕೊಳ್ಳುತ್ತವೆ. ಮಾರುವವರನ್ನು ಕಿಲೋ ಎಷ್ಟು ಎಂದು ಕೇಳುವುದರ ಜೊತೆಗೆ ಜಡತ್ವದ ಅಂಕಿಯನ್ನೂ ಕೇಳಬೇಕು. ಅದು ಸಿಗದಿದ್ದರೆ ಲೋಹವನ್ನು ಯಾವ ಭಾಗದಿಂದ ತೆಗೆದಿದ್ದಾರೆಂದು ಕಣ್ಣಾರೆ ನೋಡಬೇಕು.

ಇದರಿಂದ ಆಗುವ ವ್ಯತ್ಯಾಸ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯುವುದು ಒಳ್ಳೆಯದು. 13 ಸೆಂಟಿಮೀಟರ್ ತ್ರಿಜ್ಯದ, ಸಮ ದಪ್ಪದ 8 ಕಿಲೋ ಫ್ಲೈವೀಲ್ ಒಂದನ್ನು ತೆಗೆದು ಅದೇ ಅಳತೆಯ 4.5 ಕಿಲೋದ್ದನ್ನು ಹಾಕಿದೆವು ಎಂದುಕೊಳ್ಳೋಣ. ಜಡತ್ವ ಸುಮಾರು 0.068ರಿಂದ 0.038 ಕಿಲೋಗ್ರಾಂ-ಚದರ ಮೀಟರಿಗೆ ಇಳಿಯುತ್ತದೆ. ಈ ಇಳಿಕೆ ಕಾರಿನ ವೇಗವರ್ಧನೆಯಲ್ಲಿ ಎಷ್ಟು ಕಿಲೋ ಭಾರ ಇಳಿಸಿದ್ದಕ್ಕೆ ಸಮ ಎಂದು ತಿಳಿಯಲು, ಅದನ್ನು ಗೇರಿನ ಒಟ್ಟು ಅನುಪಾತದ (ಆ ಗೇರಿನ ಅನುಪಾತವನ್ನು ಕೊನೆಯ ಅನುಪಾತದಿಂದ ಗುಣಿಸಿದಾಗ ಬರುವುದು) ವರ್ಗದಿಂದ ಗುಣಿಸಿ ಚಕ್ರದ ತ್ರಿಜ್ಯದ ವರ್ಗದಿಂದ ಭಾಗಿಸಬೇಕು. ಚಕ್ರದ ತ್ರಿಜ್ಯ 29 ಸೆಂಟಿಮೀಟರ್, ಕೊನೆಯ ಅನುಪಾತ 4.3, ಮೊದಲ ಗೇರು 3.5, ಮೂರನೆಯದು 1.3, ಐದನೆಯದು 0.8 ಎಂದಿಟ್ಟುಕೊಂಡರೆ ಮೊದಲ ಗೇರಿನಲ್ಲಿ ಸುಮಾರು 80 ಕಿಲೋ, ಮೂರನೆಯದರಲ್ಲಿ 11 ಕಿಲೋ, ಐದನೆಯದರಲ್ಲಿ ಬರೀ 4 ಕಿಲೋ ಇಳಿಸಿದಷ್ಟು ಲಾಭ ಸಿಗುತ್ತದೆ. ಎಂಜಿನ್ನಿನ ಶಕ್ತಿ ಮಾತ್ರ ಒಂದು ಪಿಎಸ್ ಕೂಡ ಹೆಚ್ಚುವುದಿಲ್ಲ. ಫ್ಲೈವೀಲಿನಿಂದ ಪವರ್ ಏರುತ್ತದೆ ಎಂದು ಹೇಳುವ ಅಂಗಡಿಯ ಉಳಿದ ಮಾತುಗಳನ್ನೂ ಎಚ್ಚರದಿಂದ ಕೇಳಬೇಕು.

ಈ ಅಂಕಿಗಳನ್ನು ನಮ್ಮ ರಸ್ತೆಗಳ ಮೇಲೆ ಇಟ್ಟು ನೋಡಬೇಕು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಯತ್ತ ಅರಬೈಲು ಘಟ್ಟ ಇಳಿಯುವಾಗ, ಮೂರರಿಂದ ಎರಡಕ್ಕೆ ಗೇರು ಇಳಿಸುತ್ತ ಆಕ್ಸಿಲರೇಟರನ್ನು ಒಂದಿಷ್ಟು ತಟ್ಟಿದರೆ ಸಾಕು, ಹಗುರ ಫ್ಲೈವೀಲಿನ ಎಂಜಿನ್ ತಕ್ಷಣ ಏರಿ ಗೇರಿಗೆ ಹೊಂದಿಕೊಳ್ಳುತ್ತದೆ. ಆ ಸುಖ ನಿಜವಾದದ್ದು, ಹಣ ಕೊಡಲು ಯೋಗ್ಯವಾದದ್ದು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ, ರಾಣೆಬೆನ್ನೂರಿನ ಕಡೆಗೆ ಐದನೇ ಗೇರಿನಲ್ಲಿ ಒಂದೇ ವೇಗದಲ್ಲಿ ಸಾಗುವವರಿಗೆ ಇದರ ಪ್ರಯೋಜನ ಇಲ್ಲವೆಂದೇ ಹೇಳಬೇಕು. ಇನ್ನು ಚನ್ನಮ್ಮ ವೃತ್ತದ ಸಂಜೆಯ ದಟ್ಟಣೆಯಲ್ಲಿ, ಏಪ್ರಿಲ್ ಬಿಸಿಲಿಗೆ ಎಸಿ ಹಾಕಿಕೊಂಡು ತೆವಳುವಾಗ, ಲೆಕ್ಕ ತಿರುಗುಮುರುಗಾಗುತ್ತದೆ. 3000 ಆರ್‌ಪಿಎಂನಲ್ಲಿ ಮೇಲಿನ 8 ಕಿಲೋ ಫ್ಲೈವೀಲ್ ಸುಮಾರು 3300 ಜೂಲ್ ಶಕ್ತಿ ಹಿಡಿದಿಟ್ಟಿದ್ದರೆ 4.5 ಕಿಲೋದ್ದರಲ್ಲಿ ಇರುವುದು ಸುಮಾರು 1900 ಜೂಲ್. ಕ್ಲಚ್ ಬಿಡುವಾಗ ಕಾರನ್ನು ಎಬ್ಬಿಸಲು ಈ ಕೂಡಿಟ್ಟ ಶಕ್ತಿಯೂ ನೆರವಾಗುತ್ತದೆ. ಅದು ಕಡಿಮೆಯಾದರೆ ಎಂಜಿನ್ ಬಂದ್ ಬೀಳುತ್ತದೆ, ಬೀಳಬಾರದೆಂದು ಹೆಚ್ಚು ರೇಸ್ ಕೊಟ್ಟು ಕ್ಲಚ್ ಎಳೆದಾಡಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಏರು ರಸ್ತೆಯಲ್ಲಿ ನಿಲ್ಲಿಸಿ ಹೊರಡುವಾಗ ಈ ಕಷ್ಟ ಇನ್ನೂ ಹೆಚ್ಚು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ಆಫೀಸಿಗೂ ಹೋಗುವ, ವಾರಾಂತ್ಯಕ್ಕೆ ಘಟ್ಟಕ್ಕೂ ಇಳಿಯುವ ಕಾರಿಗೆ ಮೂಲ ಜಡತ್ವದಲ್ಲಿ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಕಡಿಮೆ ಮಾಡಿದರೆ ಸಾಕು. ಅರ್ಧಕ್ಕೆ ಇಳಿಸುವುದು ಟ್ರ್ಯಾಕಿಗೆ ಟ್ರೇಲರ್ ಮೇಲೆ ಹೋಗುವ ಕಾರುಗಳಿಗೆ ಇರಲಿ.

ಲೋಹದ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕೈಚಳಕ ಬಲ್ಲ ಲೇತ್ ಕೆಲಸಗಾರರಿದ್ದಾರೆ. ಕಂಪನಿಯ ಫ್ಲೈವೀಲನ್ನೇ ಅವರ ಬಳಿ ಒಯ್ದು ಎರಡು ಮೂರು ಕಿಲೋ ಕೆತ್ತಿಸಿದರೆ ಹೊಸದರ ಖರ್ಚು ಉಳಿಯುತ್ತದೆ ಎಂಬ ಆಲೋಚನೆ ಸಹಜವಾಗಿಯೇ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹಲವು ಕಾರುಗಳ ಮೂಲ ಫ್ಲೈವೀಲ್ ಬೀಡು ಕಬ್ಬಿಣದ್ದು. ಬೀಡು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ, ಮತ್ತು ತಿರುಗುವ ಫ್ಲೈವೀಲಿನಲ್ಲಿ ಹುಟ್ಟುವುದು ಎಳೆತವೇ. ಆ ಎಳೆತ ವೇಗದ ವರ್ಗದಂತೆ ಏರುತ್ತದೆ: 6000 ಆರ್‌ಪಿಎಂನಲ್ಲಿ ಇದ್ದದ್ದು 7500ರಲ್ಲಿ ಶೇಕಡಾ 56ರಷ್ಟು ಹೆಚ್ಚುತ್ತದೆ. ಕ್ಲಚ್ ಉಜ್ಜುವ ಮುಖದ ಮೇಲೆ ಕಾವಿನಿಂದ ಎದ್ದ ಕೂದಲೆಳೆಯ ಬಿರುಕುಗಳಿದ್ದು, ಹಿಂಬದಿಯನ್ನು ತೆಳ್ಳಗೆ ಕೆತ್ತಿದ್ದರೆ, ಒಂದು ದಿನ ಅದು ಒಡೆಯುತ್ತದೆ. ಒಡೆದ ಚೂರುಗಳು ಕ್ಲಚ್ಚಿನ ಹೊರಕವಚವಾದ ಬೆಲ್ ಹೌಸಿಂಗನ್ನು ಸೀಳಿ ಒಳಗೆ ಕುಳಿತವರ ಕಾಲಿನತ್ತ ನುಗ್ಗಬಲ್ಲವು. ಲೇತ್‌ನಲ್ಲಿ ಮಾಡಿಸಬಹುದಾದದ್ದು ಉಜ್ಜುವ ಮುಖವನ್ನು ತಯಾರಕರು ಹೇಳಿದ ಮಿತಿಯೊಳಗೆ ಸಮ ಮಾಡುವುದಷ್ಟೇ. ಅಲ್ಲಿಯೂ ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಭಾಗ) ಕೂರುವ ಮೆಟ್ಟಿಲು ಬೇರೆ ಎತ್ತರದಲ್ಲಿದ್ದರೆ ಅದರಿಂದಲೂ ಅಷ್ಟೇ ಲೋಹ ತೆಗೆಯಬೇಕು, ಇಲ್ಲವಾದರೆ ಕ್ಲಚ್ಚಿನ ಹಿಡಿತ ಬದಲಾಗುತ್ತದೆ.

ಕೊಳ್ಳುವುದಾದರೆ ಗಟ್ಟಿ ಉಕ್ಕಿನಿಂದ ಕೆತ್ತಿದ್ದನ್ನೋ ಫೋರ್ಜ್ ಮಾಡಿದ್ದನ್ನೋ (ಕಾಸಿ ಒತ್ತಿ ರೂಪಿಸಿದ್ದು) ಕೊಳ್ಳಬೇಕು. ಕ್ರೋಮ್-ಮಾಲಿಬ್ಡಿನಂ ಉಕ್ಕು ಈ ಕೆಲಸಕ್ಕೆ ಹೆಸರಾದದ್ದು. ರೇಸ್ ಬಿಡಿಭಾಗಗಳಿಗೆ ಸುರಕ್ಷತಾ ಮಾನದಂಡ ರೂಪಿಸುವ ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ 1.1 ಮಾನದಂಡದ ಗುರುತು ಇದ್ದರೆ, ಆ ಬಗೆಯ ಫ್ಲೈವೀಲ್ ಅತಿವೇಗದಲ್ಲಿ ತಿರುಗಿಸುವ ಪರೀಕ್ಷೆಯನ್ನು ದಾಟಿದೆ ಎಂದರ್ಥ. ಅಲ್ಯೂಮಿನಿಯಂ ಫ್ಲೈವೀಲ್ ಇನ್ನೂ ಹಗುರ. ಅದರ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗದಷ್ಟು. ಆದರೆ ಕ್ಲಚ್ಚಿನ ಉಜ್ಜಾಟವನ್ನು ಅದು ತಾಳಲಾರದ ಕಾರಣ ಮೇಲೊಂದು ಉಕ್ಕಿನ ಬಿಲ್ಲೆಯನ್ನು ಕೂರಿಸಿರುತ್ತಾರೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಊರೊಳಗೆ ಕ್ಲಚ್ ಮೇಲೆ ಮೇಲೆ ಬಿಸಿಯಾಗುವ ಕಾರಿನಲ್ಲಿ ತೆಳುವಾದ ಆ ಬಿಲ್ಲೆ ಸೊಟ್ಟಗಾಗುವ ಸಾಧ್ಯತೆ ಇದೆ. ರಸ್ತೆಯ ಕಾರಿಗೆ ಉಕ್ಕೇ ಸರಿ.

ಡೀಸೆಲ್ ಕಾರುಗಳ ಮಾಲೀಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳಷ್ಟು ಟರ್ಬೊ ಡೀಸೆಲ್‌ಗಳಲ್ಲಿ, ಕೆಲವು ಟರ್ಬೊ ಪೆಟ್ರೋಲ್‌ಗಳಲ್ಲಿಯೂ, ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎರಡು ತಟ್ಟೆಗಳ ನಡುವೆ ಬಾಗಿದ ಸ್ಪ್ರಿಂಗ್‌ಗಳನ್ನು ಕೂರಿಸಿ, ಎಂಜಿನ್ನಿನ ನಡುಕ ಗೇರ್ ಬಾಕ್ಸಿಗೆ ಹೋಗದಂತೆ ತಡೆಯುವ ಈ ಏರ್ಪಾಡು 1985ರ ಸುಮಾರಿಗೆ ಕಾರುಗಳಲ್ಲಿ ಬಳಕೆಗೆ ಬಂತು. ಅದು ದುಬಾರಿಯೆಂದು ಒಂದೇ ತಟ್ಟೆಯದಕ್ಕೆ ಬದಲಿಸಿದರೆ, ಐಡ್ಲಿಂಗ್‌ನಲ್ಲಿ ಗೇರ್ ಬಾಕ್ಸ್ ಗಡಗಡ ಸದ್ದು ಮಾಡತೊಡಗುತ್ತದೆ, ಮತ್ತು ಸ್ಪ್ರಿಂಗ್‌ಗಳು ತಡೆಯುತ್ತಿದ್ದ ಹೊಡೆತಗಳೆಲ್ಲ ಗೇರಿನ ಹಲ್ಲುಗಳಿಗೆ ಬೀಳುತ್ತವೆ. ಬದಲಿಸಲೇಬೇಕಾದರೆ ನಡುವಿನಲ್ಲಿ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟನ್ನೇ ಹಾಕಬೇಕು. ನಾನಾದರೆ ಡೀಸೆಲ್ಲಿನಲ್ಲಿ ಡ್ಯುಯಲ್ ಮಾಸನ್ನೇ ಉಳಿಸಿಕೊಳ್ಳುತ್ತೇನೆ. ಯಾವ ಎಂಜಿನ್ನಿನಲ್ಲಾದರೂ ಹಗುರ ಫ್ಲೈವೀಲ್ ಹಾಕುವಾಗಲೇ ಕ್ರ್ಯಾಂಕಿನ ಮುಂತುದಿಯಲ್ಲಿರುವ, ನಡುಕ ತಡೆಯುವ ರಬ್ಬರ್ ಡ್ಯಾಂಪರ್ ಪುಲ್ಲಿಯನ್ನೂ ತೆಗೆದು ಬರೀ ಅಲ್ಯೂಮಿನಿಯಂ ಪುಲ್ಲಿ ಹಾಕಬಾರದು. ಕ್ರ್ಯಾಂಕಿನ ತಿರುಚು ನಡುಕಕ್ಕೆ ಆಗ ತಡೆಯೇ ಉಳಿಯುವುದಿಲ್ಲ.

ಹೊಸದು ಕೈಗೆ ಬಂದ ಮೇಲೆ, ಗೇರ್ ಬಾಕ್ಸ್ ಇನ್ನೂ ಕೆಳಗಿರುವಾಗಲೇ, ಹಳೆಯದನ್ನೂ ಹೊಸದನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಈ ಅರ್ಧ ಗಂಟೆಯ ಕೆಲಸವನ್ನು ಎಂದೂ ಬಿಡಬಾರದು. ಕ್ರ್ಯಾಂಕಿನ ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅಂತರ, ಅವುಗಳಲ್ಲಿ ಒಂದು ಬೇಕೆಂದೇ ಪಕ್ಕಕ್ಕೆ ಸರಿದಿದೆಯೇ ಎಂಬುದು, ಸ್ಟಾರ್ಟರ್ ಮೋಟಾರ್ ಕಚ್ಚಿ ತಿರುಗಿಸುವ ರಿಂಗ್ ಗೇರಿನ ಹಲ್ಲುಗಳ ಎಣಿಕೆ, ಪ್ರೆಷರ್ ಪ್ಲೇಟಿನ ಗೂಟಗಳ ಜಾಗ, ಉಜ್ಜುವ ಮುಖದ ಅಗಲ, ಒಟ್ಟು ಎತ್ತರ ಇವೆಲ್ಲ ಹೊಂದಬೇಕು. ಎತ್ತರವನ್ನು ವರ್ನಿಯರ್‌ನಿಂದ ಅಳೆಯಿರಿ. ಅದು ತಪ್ಪಿದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಓಡುವ ದೂರ ತಪ್ಪಿ ಕ್ಲಚ್ ಪೂರ್ತಿ ಬಿಡುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳು ಫ್ಲೈವೀಲಿನ ಮೇಲೆಯೇ ಇರುತ್ತವೆ: 60 ಹಲ್ಲುಗಳ ಜಾಗದಲ್ಲಿ ಎರಡನ್ನು ಬಿಟ್ಟಿರುವ ವಿನ್ಯಾಸ ಸಾಮಾನ್ಯ. ಆ ಎರಡು ಹಲ್ಲಿನ ಖಾಲಿ ಜಾಗ ಹೊಸದರಲ್ಲಿ ಬೇರೆ ಕಡೆ ಇದ್ದರೆ ಎಂಜಿನ್ ಸ್ಟಾರ್ಟೇ ಆಗದಿರಬಹುದು. ಬ್ಯಾಲೆನ್ಸ್ ಮಾಡಿದ ಗುರುತನ್ನೂ ನೋಡಿ; ಹಳೆಯದರಲ್ಲಿ ಒಂದು ಬದಿಗೆ ಭಾರ ಕೂರಿಸಿದ್ದರೆ ನಿಮ್ಮ ಎಂಜಿನ್ನಿಗೆ ಹೊರಗಿನ ಬ್ಯಾಲೆನ್ಸ್ ಬೇಕು, ಹೊಸದರಲ್ಲೂ ಅದು ಇರಲೇಬೇಕು.

ಜೋಡಿಸುವಾಗ ಹೊಸ ಬೋಲ್ಟ್‌ಗಳನ್ನೇ ಬಳಸಬೇಕು. ಹಲವು ಕಾರುಗಳಲ್ಲಿ ಇವು ಒಮ್ಮೆ ಬಿಗಿದಾಗ ಹಿಗ್ಗುವ ಬಗೆಯವು, ಎರಡನೇ ಬಾರಿಗೆ ಅದೇ ಹಿಡಿತ ಕೊಡುವುದಿಲ್ಲ. ಏರ್ ಗನ್ನಿನಿಂದ ಬಿಗಿಯಲು ಬಿಡದೆ, ಟಾರ್ಕ್ ರೆಂಚ್‌ನಿಂದ, ಎದುರುಬದುರಾಗಿ, ಹಂತಹಂತವಾಗಿ, ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿಯ ಅಂಕಿಗೆ ಬಿಗಿಸಿ. ಕ್ರ್ಯಾಂಕಿನ ಹಿಂತುದಿಯ ಆಯಿಲ್ ಸೀಲನ್ನು ಈಗಲೇ ಬದಲಿಸುವುದು ಲೇಸು. ಕಡಿಮೆ ಬೆಲೆಯ ಆ ಸೀಲ್ ಆಮೇಲೆ ಸೋರಿದರೆ ಹೊಸ ಕ್ಲಚ್ ಎಣ್ಣೆಯಲ್ಲಿ ನೆನೆಯುತ್ತದೆ, ಗೇರ್ ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ. ಬಿಗಿದ ಮೇಲೆ ಡಯಲ್ ಗೇಜಿನ ಮುಳ್ಳನ್ನು ಉಜ್ಜುವ ಮುಖಕ್ಕೆ ತಾಗಿಸಿ ಒಂದು ಪೂರ್ತಿ ಸುತ್ತು ತಿರುಗಿಸಿ, ಮುಳ್ಳು 0.1 ಮಿಲಿಮೀಟರಿಗಿಂತ ಹೆಚ್ಚು ಆಡಿದರೆ ಬಿಚ್ಚಿ ಕ್ರ್ಯಾಂಕಿನ ಮುಖದಲ್ಲಿ ತುಕ್ಕು, ಕಸ ಇದೆಯೇ ಎಂದು ನೋಡಿ. ತುಕ್ಕು ಹಿಡಿಯದಂತೆ ಸವರಿ ಕಳುಹಿಸಿದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿ, ಆಮೇಲೆ ಆ ಮುಖವನ್ನು ಬರಿಗೈಯಿಂದ ಮುಟ್ಟಬೇಡಿ.

ಮೊದಲ 800 ಕಿಲೋಮೀಟರ್ ಊರೊಳಗೆ, ಗೇರುಗಳನ್ನು ಮೇಲೆ ಕೆಳಗೆ ಬದಲಿಸುತ್ತ ಮೆಲ್ಲಗೆ ಓಡಿಸಬೇಕು. ಬರೀ ಹೆದ್ದಾರಿಯಲ್ಲಿ ಓಡಿಸಿದ ಕಿಲೋಮೀಟರ್‌ಗಳು ಕ್ಲಚ್ ಹದವಾಗುವುದಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಈ ನಡುವೆ ಚೆಕ್ ಎಂಜಿನ್ ದೀಪ ಹೊತ್ತಿ ಪಿ0300 ಎಂಬ ಮಿಸ್‌ಫೈರ್ ಕೋಡ್ ಬಂದರೆ, ಪ್ಲಗ್ ಮತ್ತು ಕಾಯಿಲ್‌ಗಳನ್ನು ಮೊದಲು ಪರೀಕ್ಷಿಸಿ. ಅವು ಸರಿಯಾಗಿದ್ದರೆ, ಕ್ರ್ಯಾಂಕಿನ ವೇಗದ ಏರಿಳಿತ ಹೆಚ್ಚಾದದ್ದನ್ನೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಸ್ಫೋಟ ತಪ್ಪಿದೆ ಎಂದು ತಿಳಿದಿರಬಹುದು. ಟ್ಯೂನ್ ಮಾಡುವವರಿಂದ ಮಿಸ್‌ಫೈರ್ ಎಂದು ಗುರುತಿಸುವ ಮಿತಿಯನ್ನೂ ಐಡ್ಲಿಂಗ್ ಆರ್‌ಪಿಎಂ ಅನ್ನೂ ಸರಿಪಡಿಸಿಕೊಳ್ಳಬೇಕು. ವಿಮಾ ಕಂಪನಿಗೆ ಬದಲಾವಣೆಯನ್ನು ಲಿಖಿತವಾಗಿ ತಿಳಿಸಿ, ಬಿಲ್ಲುಗಳ ಪ್ರತಿ ಇಟ್ಟುಕೊಳ್ಳಿ. ತೆಗೆದ ಮೂಲ ಫ್ಲೈವೀಲಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಲಗಿಸಿ ಇಡಿ. ಮುಂದೆ ಕಾರು ಮಾರುವಾಗ ಕೊಳ್ಳುವವರು ಅದನ್ನು ಕೇಳುವುದುಂಟು.