ಹರಾಜಲ್ಲಿ ಹೋದ ಮನೆ ರೇಟು ಒಂದೊಂದ್ ಕಡೆ ಒಂದೊಂದ್ ಥರ ಇದ್ರೆ ಹೆಂಗ್ ನೋಡೋದು

ಮೈಸೂರಿನ ಕುವೆಂಪುನಗರದಲ್ಲೋ ಬೋಗಾದಿಲೋ ಬ್ಯಾಂಕ್ ಹರಾಜಲ್ಲಿ ಹೋದ ಮನೆ ಎಷ್ಟಕ್ಕೆ ಹೋಯ್ತು ಅಂತ ಹುಡುಕ್ತಿದ್ರೆ, ಪೇಪರಲ್ಲಿ ಬಂದ ರೇಟೇ ಮಾರಾಟದ ರೇಟು ಅನ್ಕೋಬೇಡಿ, ಅದು ರಿಸರ್ವ್ ಪ್ರೈಸ್, ಅಂದ್ರೆ ಕೂಗು ಶುರುವಾಗೋ ಬೆಲೆ ಅಷ್ಟೇ. ಮೊದ್ಲು ಕಾವೇರಿ ಪೋರ್ಟಲಲ್ಲಿ (ರಾಜ್ಯದ ನೋಂದಣಿ ಇಲಾಖೆ ವೆಬ್‌ಸೈಟು) ಇಸಿ ತೆಗೀರಿ, ಅಂದ್ರೆ ಆಸ್ತಿ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಅದ್ರಲ್ಲಿ ಪ್ರತಿಫಲ (ಪತ್ರದಲ್ಲಿ ಬರೆದಿರೋ ಮೊತ್ತ) ಬೇರೆ, ಮಾರುಕಟ್ಟೆ ಮೌಲ್ಯ ಬೇರೆ ಇರುತ್ತೆ, ಎರಡನೇದು ಗೈಡೆನ್ಸ್ ವ್ಯಾಲ್ಯೂ, ಅಂದ್ರೆ ಸರ್ಕಾರ ಗೊತ್ತು ಮಾಡಿರೋ ದರದ ಲೆಕ್ಕ, ಯಾರೋ ಅಷ್ಟು ಕೊಟ್ರು ಅಂತಲ್ಲ. ನಮ್ಮೋರು ಜಾಸ್ತಿ ಎಡವೋದು ಎಲ್ಲಿ ಅಂದ್ರೆ, ಹಳೇ ಅಡಮಾನದ ಎಂಟ್ರಿಲಿರೋ ಸಾಲದ ಮೊತ್ತನೇ ಮಾರಿದ ಬೆಲೆ ಅಂತ ಓದ್ಬಿಡ್ತಾರೆ! ಯಾವ ಪತ್ರ ಅನ್ನೋದನ್ನ ನೋಡ್ಕೊಂಡು ಆಮೇಲೆ ಅಂಕಿ ನೋಡಿ.

ಪಕ್ಕಾ ಬೆಲೆ ಇರೋದು ಹರಾಜಲ್ಲಿ ಗೆದ್ದೋರಿಗೆ ಬ್ಯಾಂಕ್ ಕೊಡೋ ಸೇಲ್ ಸರ್ಟಿಫಿಕೇಟಲ್ಲಿ. 2002ರ ಸರ್ಫೇಸಿ ಕಾಯ್ದೆ (ಸಾಲ ಕಟ್ಟದೋರ ಅಡಮಾನದ ಆಸ್ತಿನ ಬ್ಯಾಂಕೇ ಮಾರೋ ಕಾಯ್ದೆ) ಹರಾಜಾದ್ರೆ ಗೆದ್ದೋರು ಬೆಲೆಯ 25% ಅವತ್ತೇ ಇಲ್ಲ ಮಾರನೇ ವರ್ಕಿಂಗ್ ಡೇ ಕಟ್ಬೇಕು, ಮಿಕ್ಕಿದ್ದು ಸಾಮಾನ್ಯವಾಗಿ ಸೇಲ್ ಕನ್ಫರ್ಮ್ ಆದ 15 ದಿನದೊಳಗೆ, ಕಟ್ಟದೆ ಕೈಕೊಟ್ರೆ ಮತ್ತೆ ಹರಾಜು, ಆಗ ಬೆಲೆನೂ ಬೇರೆ ತಾರೀಕೂ ಬೇರೆ. ಇನ್ನೊಂದು, ಬೆಲೆ 50 ಲಕ್ಷ ಮುಟ್ಟಿದ್ರೆ ತಗೊಂಡೋರು 1% ಟಿಡಿಎಸ್ (ಮೂಲದಲ್ಲೇ ಹಿಡಿಯೋ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ತಾರೆ, ಬ್ಯಾಂಕಿಗೆ ಹೋದ ದುಡ್ಡು ಕಮ್ಮಿ ಕಾಣುತ್ತೆ, ಬೆಲೆ ಕಮ್ಮಿಯಾಗಿರಲ್ಲ. ಹಳೇ ಕಂದಾಯ, ಕರೆಂಟ್ ಬಾಕಿ ತಗೊಂಡೋರ ತಲೆಗೇ ಬಂದಿದ್ರೆ ಅದು ಸರ್ಟಿಫಿಕೇಟಿನ ಬೆಲೆಲಿ ಸೇರಿರಲ್ಲ, ಹರಾಜು ನೋಟಿಸಿನ ಷರತ್ತಲ್ಲಿ ಹುಡುಕಿ.